ಹಿಂದೆ ಬರುವವನ ದೀಪ

ಮೈಸೂರಿಗೆ ಬಂದ ಪ್ರವಾಸಿಗ ಅರಮನೆಯನ್ನು ನೋಡುತ್ತಾನೆ. ಚಾಮುಂಡಿ ಬೆಟ್ಟವನ್ನೇರಿ ದೊಡ್ಡ ನಂದಿಯ ಮುಂದೆ ಕೈಮುಗಿಯುತ್ತಾನೆ. ಸಂಜೆ ಕನ್ನಂಬಾಡಿಗೆ ಹೋಗಿ ಬೃಂದಾವನದ ಕಾರಂಜಿಗಳನ್ನು ಕಂಡು ಬರುತ್ತಾನೆ. ಮರುದಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನೂ ವೀಳ್ಯದೆಲೆಯನ್ನೂ ಕೊಂಡು ಊರಿಗೆ ಮರಳುತ್ತಾನೆ. ಇಷ್ಟೂ ಕಣ್ಣಿಗೆ ಕಾಣುವ ಮೈಸೂರು. ಕಿವಿಗೆ ಕೇಳುವ ಮೈಸೂರು ಇನ್ನೊಂದುಂಟು. ಭಾನುವಾರದ ಬೆಳಗಿನ ಹೊತ್ತು, ರಸ್ತೆಗಳಲ್ಲಿ ಇನ್ನೂ ಜನಸಂಚಾರ ಮೊದಲಾಗದಿರುವಾಗ, ಕುಕ್ಕರಹಳ್ಳಿ ಕೆರೆಯ ಕಡೆಯಿಂದಲೋ ಲಲಿತಮಹಲಿನ ರಸ್ತೆಯಿಂದಲೋ ಒಂದು ದನಿ ತೇಲಿಬರುತ್ತದೆ. ಗಡಚಿಕ್ಕುವ ಸದ್ದಲ್ಲ, ಕಿರುಚುವ ಸದ್ದೂ ಅಲ್ಲ. ಯಾರೋ ದೂರದಲ್ಲಿ ಮದ್ದಳೆಯನ್ನು ಹದ ನೋಡುತ್ತಿರುವಂತೆ ತಡೆತಡೆದು ಕೇಳುವ ನಾದ. ಊರಿನ ಹಿರಿಯರು ಕಾಫಿಯ ಲೋಟವನ್ನು ಕೆಳಗಿಟ್ಟು, “ಜಾವಾ!” ಎನ್ನುತ್ತಾರೆ. ಅವರ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಮೂಡುತ್ತದೆ. ಅದಕ್ಕೆ ಕಾರಣವೂ ಇದೆ. ಆ ವಾಹನ ಹುಟ್ಟಿದ್ದು ಈ ಊರಿನಲ್ಲೇ.

ಜಾವಾ ಎಂಬುದು ದ್ವೀಪದಿಂದ ಬಂದ ಹೆಸರಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲಿನ ವಿದ್ಯೆಯನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನು ಸೇರಿಸಿ ಕಟ್ಟಿದ ಹೆಸರು ಅದು. ಅಲ್ಲಿಯ ಉಚ್ಚಾರಣೆಯಲ್ಲಿ ಅದು ‘ಯಾವಾ’. ನಮ್ಮ ನಾಲಗೆಯ ಮೇಲೆ ಅದು ಜಾವಾ ಆದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ, “ನಿಮ್ಮದು ಯಾವ ಗಾಡಿ?” ಎಂದು ಕೇಳಿದವನಿಗೆ, “ಯಾವಾ ಗಾಡಿ” ಎಂದು ಉತ್ತರ ಕೊಟ್ಟು ಎಷ್ಟು ಜನ ಜಗಳ ಕಾಯಬೇಕಾಗಿತ್ತೋ!

ಮುಂಬಯಿಯ ಇರಾನಿ ಮನೆತನದ ರುಸ್ತುಂ ಮತ್ತು ಫಾರೂಖ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ವಾಹನಗಳ ಮೇಲೆ ಮತ್ತೆ ಕಾಣಿಸಿಕೊಂಡವು. ಆದರೆ ಆ ಹೊಸ ಗಾಡಿಗಳ ಕಾರ್ಖಾನೆ ಮಧ್ಯಪ್ರದೇಶದ ಪೀಥಂಪುರದಲ್ಲಿದೆ. ಆಕಾಶವಾಣಿಯ ನಿಲಯವನ್ನೂ ಆರ್. ಕೆ. ನಾರಾಯಣರ ಮನೆಯನ್ನೂ ನೋಡಲು ಯಾದವಗಿರಿಗೆ ಹೋಗುವ ಯಾತ್ರಿಕನಿಗೆ, ಇಲ್ಲಿ ಮೂವತ್ತೈದು ವರ್ಷ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದವೆಂದು ಯಾರಾದರೂ ಹೇಳಿದರಷ್ಟೇ ತಿಳಿದೀತು.

ಕಾರ್ಖಾನೆ ಹೋಯಿತು, ಗಾಡಿಗಳು ಉಳಿದವು. ಗಾಡಿಗಳ ಜೊತೆಗೆ ಅವನ್ನು ಬಿಚ್ಚಿ ಕಟ್ಟಬಲ್ಲ ಕೈಗಳೂ ಉಳಿದವು. ಆ ಕೈಗಳನ್ನು ನೋಡಬೇಕಾದರೆ ಅರಮನೆಯ ದಾರಿಯನ್ನು ಬಿಟ್ಟು ಹಳೆಯ ಮೊಹಲ್ಲಾಗಳ ಓಣಿಗಳನ್ನು ಹಿಡಿಯಬೇಕು.

ಓಣಿಯೊಳಗಿನ ಪಾಠಶಾಲೆ

ನಾನು ಹೋದ ಅಂಗಡಿಗೆ ಹೆಸರಿನ ಹಲಗೆಯೂ ಇರಲಿಲ್ಲ. ಎಂಟಡಿ ಅಗಲದ ಜಾಗ. ಗೋಡೆಯ ತುಂಬ ಮೊಳೆಗಳು. ಮೊಳೆಗಳ ತುಂಬ ಚಕ್ರದ ರಿಮ್ಮುಗಳು, ಹೊಗೆಗೊಳವೆಗಳು, ಬಗೆಬಗೆಯ ಮಡ್‌ಗಾರ್ಡುಗಳು. ಯಜಮಾನರು ಎಪ್ಪತ್ತರ ಹತ್ತಿರದವರು. ತಾರುಣ್ಯದಲ್ಲಿ ಆ ಕಾರ್ಖಾನೆಯಲ್ಲೇ ದುಡಿದವರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ಅಂದು ಅಲ್ಲಿಗೆ ಒಬ್ಬ ತರುಣ ತನ್ನ ತಂದೆಯ 1966ರ ಜಾವಾವನ್ನು ತಂದು ನಿಲ್ಲಿಸಿದ್ದ. ಕಂದುಗೆಂಪು ಬಣ್ಣ, ಎರಡು ಪಕ್ಕಕ್ಕೂ ಕ್ರೋಮಿನ ಹೊಳಪುಳ್ಳ ಹನಿಯಾಕಾರದ ಪೆಟ್ರೋಲ್ ತೊಟ್ಟಿ, ಚಕ್ರವನ್ನು ಅರ್ಧದವರೆಗೂ ತಬ್ಬಿದಂಥ ಆಳವಾದ ಮಡ್‌ಗಾರ್ಡು, ಅದರ ಅಂಚಿನುದ್ದಕ್ಕೂ ಕೈಯಿಂದ ಎಳೆದ ಚಿನ್ನದ ಬಣ್ಣದ ಗೆರೆ. ಹಿಂದುಗಡೆ ನಂಬರಿನ ಹಲಗೆಯ ಮೇಲೆ ಪುಟ್ಟದೊಂದು ಕೆಂಪು ದೀಪ.

ತರುಣನ ಬೇಡಿಕೆ ಸರಳವಾಗಿತ್ತು. ಹಿಂದಿನ ಮಡ್‌ಗಾರ್ಡನ್ನು ಅರ್ಧಕ್ಕೆ ಕತ್ತರಿಸಬೇಕು. ಉಳಿದ ತುಂಡನ್ನು ಚಕ್ರಕ್ಕೆ ಅಂಟಿದಂತೆ ಕೂರಿಸಬೇಕು. ಹಳೆಯ ದೀಪವನ್ನು ತೆಗೆದು ಹೊಸ ಮಾದರಿಯದನ್ನು ಪಕ್ಕಕ್ಕೆ ಜೋಡಿಸಬೇಕು. ಕೈಯಲ್ಲಿದ್ದ ಫೋನಿನಲ್ಲಿ ಅಮೆರಿಕದ ಗಾಡಿಯೊಂದರ ಚಿತ್ರವನ್ನೂ ತೋರಿಸಿದ.

ಈ ಚಾಳಿಗೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ 1940ರಲ್ಲಿ ಇಂಡಿಯನ್ ಕಂಪೆನಿಯವರು ತಮ್ಮ ಚೀಫ್ ಎಂಬ ವಾಹನಕ್ಕೆ ಲಂಗ ತೊಡಿಸಿದಂತೆ ಇಳಿಬಿದ್ದ ಮಡ್‌ಗಾರ್ಡುಗಳನ್ನು ಕೊಟ್ಟರು. ಅದೇ ಕಾಲದ ಆಸುಪಾಸಿನಲ್ಲಿ ಅಲ್ಲಿಯ ಹುಡುಗರು ಭಾರ ಕಡಮೆಯಾಗಲೆಂದು ಹಿಂದಿನ ಮಡ್‌ಗಾರ್ಡನ್ನು ಗರಗಸದಿಂದ ಕೊಯ್ದು ಮೊಂಡು ಮಾಡುತ್ತಿದ್ದರು. ಕುದುರೆಯ ಬಾಲವನ್ನು ಮೊಟಕುಗೊಳಿಸುವುದಕ್ಕೆ ಅವರಲ್ಲಿ ‘ಬಾಬ್’ ಎನ್ನುತ್ತಾರೆ; ಬಾಲ ಕಳೆದುಕೊಂಡ ಇಂಥ ಗಾಡಿಗಳಿಗೂ ‘ಬಾಬರ್’ ಎಂಬ ಹೆಸರು ನಿಂತಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಯೋಧರು ಅದನ್ನೊಂದು ಶೈಲಿಯನ್ನಾಗಿಯೇ ಮಾಡಿಬಿಟ್ಟರು. ಹಿಂದಿನ ದೀಪಗಳಿಗೂ ಅಲ್ಲಿ ಅಡ್ಡಹೆಸರುಗಳುಂಟು. ಹಾರ್ಲೆ ಡೇವಿಡ್‌ಸನ್ನಿನ 1939ರಿಂದ 1946ರವರೆಗಿನ ದೀಪಕ್ಕೆ ‘ಜೇನುಗೂಡು’. 1947ರಿಂದ 1954ರವರೆಗಿನದಕ್ಕೆ ‘ಸಮಾಧಿಯ ಕಲ್ಲು’. ಇಂದು ಹಳೆಯ ಗಾಡಿಯನ್ನು ಸಿಂಗರಿಸುವವರು ಇವೇ ಆಕಾರದ ದೀಪಗಳನ್ನು ಹೊಸದಾಗಿ ಮಾಡಿಸಿ ಹಾಕಿಕೊಳ್ಳುತ್ತಾರೆ. ಸಮಾಧಿಯ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವುದು ಶುಭವೋ ಅಶುಭವೋ ಎಂದು ನಮ್ಮ ಜ್ಯೋತಿಷಿಗಳನ್ನು ಕೇಳಬೇಕು.

ಮೇಸ್ತ್ರಿ ಆ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. “ಚೆಂದಾಗೈತೆ,” ಎಂದರು. ಅನಂತರ, “ಆದ್ರೆ ಆ ಗಾಡೀಗೆ ಹಿಂದೆ ಸ್ಪ್ರಿಂಗ್ ಇಲ್ಲ, ನೋಡಿದ್ಯಾ?” ಎಂದು ಕೇಳಿದರು.

ಅಲ್ಲಿಂದ ಮೊದಲಾಯಿತು ಪಾಠ.

ಕೆಸರು, ಕಬ್ಬಿಣ, ಕಂಪನ

ಅಮೆರಿಕದ ಆ ಹಳೆಯ ಗಾಡಿಗಳಲ್ಲಿ ಹಿಂದಿನ ಚಕ್ರ ಚೌಕಟ್ಟಿಗೆ ಬಿಗಿದಂತಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವುದಿಲ್ಲವಾದ್ದರಿಂದ ಮಡ್‌ಗಾರ್ಡನ್ನು ಟೈರಿಗೆ ಬೆರಳಗಲ ದೂರದಲ್ಲಿ ಕೂರಿಸಿದರೂ ಬಾಧಕವಿಲ್ಲ. ಜಾವಾದ ಈ ಮಾದರಿ ಹಾಗಲ್ಲ. 1954ರಲ್ಲಿ ಚೆಕ್ ದೇಶದವರು ಇದನ್ನು ಹೊರತಂದಾಗ ಹಿಂದಿನ ಚಕ್ರವನ್ನು ತೂಗಾಡುವ ತೋಳಿನ ಮೇಲೆ ಇಟ್ಟರು. ಗುಂಡಿಗೆ ಬಿದ್ದಾಗ ಚಕ್ರ ಮೇಲೇಳುತ್ತದೆ. ಮಡ್‌ಗಾರ್ಡು ಮಾತ್ರ ಚೌಕಟ್ಟಿನೊಡನೆ ಇದ್ದಲ್ಲೇ ಇರುತ್ತದೆ. ಬರಿಯ ಗಾಡಿಯನ್ನು ನಿಲ್ಲಿಸಿ ಅಳೆದು ಹತ್ತಿರ ಕೂರಿಸಿದವನು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೊದಲನೆಯ ಉಬ್ಬನ್ನು ದಾಟುವಾಗಲೇ ಟೈರು ತಗಡನ್ನು ಕಚ್ಚುವ ಸದ್ದು ಕೇಳುತ್ತಾನೆ. ಮೇಸ್ತ್ರಿಗಳ ಕ್ರಮ ಬೇರೆ. ಎರಡು ಪಕ್ಕದ ಷಾಕ್ ಅಬ್ಸಾರ್ಬರುಗಳನ್ನೂ ಬಿಚ್ಚಿ, ಚಕ್ರವನ್ನು ಏರಬಹುದಾದ ಕೊನೆಯ ಎತ್ತರಕ್ಕೆ ಎತ್ತಿ, ಅಲ್ಲಿಂದ ಅಳತೆ ತೆಗೆಯುತ್ತಾರೆ.

ಎರಡನೆಯದು ಅಂಚಿನ ವಿಷಯ. ಮಡ್‌ಗಾರ್ಡಿನ ಅಂಚನ್ನು ಬೆರಳಿನಿಂದ ಸವರಿ ನೋಡಿದರೆ ಅದು ಒಳಕ್ಕೆ ಮಡಿಚಿಕೊಂಡಿರುವುದು ತಿಳಿಯುತ್ತದೆ. ಅದು ಅಲಂಕಾರವಲ್ಲ. ತೆಳುವಾದ ತಗಡಿಗೆ ಬಿಗಿ ಬರುವುದೇ ಆ ಮಡಿಕೆಯಿಂದ. ಸೀರೆಗೆ ಫಾಲ್ ಹೊಲಿದಂತೆ ಎನ್ನಬಹುದು. ಕತ್ತರಿಸಿದರೆ ಅಂಚಿನ ಮಡಿಕೆ ಅಲ್ಲಿಗೆ ತುಂಡಾಗುತ್ತದೆ. ಎಂಜಿನ್ನಿನ ಕಂಪನಕ್ಕೆ ಬರಿಯ ಅಂಚು ನಡುಗಿ ನಡುಗಿ ಕೆಲವು ತಿಂಗಳಲ್ಲೇ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ದೀಪದ ಭಾರವೂ ಅಲ್ಲೇ ಇದ್ದರೆ ಇನ್ನೂ ಬೇಗ. ಆದ್ದರಿಂದ ಕೊಯ್ದ ಅಂಚಿನೊಳಗೆ ತಂತಿಯಿಟ್ಟು ತಗಡನ್ನು ಅದರ ಸುತ್ತ ಸುತ್ತಬೇಕು. ಮರದ ಸುತ್ತಿಗೆಯಿಂದ ಹೊಡೆದು ಮಾಡುವ ಈ ಕೆಲಸವನ್ನು ಬಕೆಟ್ಟು ಮಾಡುವ ತಗಡಿನ ಕೆಲಸಗಾರರೂ ಬಲ್ಲರು. ಬೇಕಾದದ್ದು ತಾಳ್ಮೆಯೊಂದೇ.

ಮೂರನೆಯದು ಕೆಸರು. ಮಡ್‌ಗಾರ್ಡು ಯಾರನ್ನು ಕಾಯುತ್ತದೆ? ಸವಾರನ ಬೆನ್ನನ್ನು ಕಾಯುವುದಕ್ಕೆ ಮೇಲಿನ ಅರ್ಧವೇ ಸಾಕು. ಕೆಳಕ್ಕೆ ಇಳಿದ ಬಾಲದ ಭಾಗ ಕಾಯುವುದು ಹಿಂದೆ ಬರುವವರನ್ನು. ಮೈಸೂರಿನ ಷಾ ಪಸಂದ್ ಟಾಂಗಾಗಳಲ್ಲಿ ಚಕ್ರದ ಮೇಲೆ ಕೆಸರುಹಲಗೆಯೂ ಪಕ್ಕದಲ್ಲಿ ಲಾಂದ್ರವೂ ಇರುತ್ತಿದ್ದುದು ಇದೇ ಉಪಚಾರಕ್ಕಾಗಿ. ಬಿಳಿಯ ಪಂಚೆಯುಟ್ಟು ಮದುವೆಗೆ ಹೊರಟ ಸೈಕಲ್ ಸವಾರನೊಬ್ಬನ ಮೇಲೆ ಮಳೆಗಾಲದ ಕೆಸರನ್ನು ಎರಚುತ್ತ ಹೋಗುವ ಗಾಡಿ ಎಷ್ಟೇ ಸೊಗಸಾಗಿದ್ದರೂ ಅದರ ಯಜಮಾನನಿಗೆ ಶಾಪವೇ ಗತಿ.

ಕಾಣದ ತಂತಿ

ದೀಪದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಹಿಂದಿನ ದೀಪಕ್ಕೆ ಹೋಗುವ ತಂತಿಗಳನ್ನು ತರುಣ ಎಣಿಸಿದ. ಒಂದು ದಾರಿದೀಪಕ್ಕೆ, ಇನ್ನೊಂದು ಬ್ರೇಕಿನ ದೀಪಕ್ಕೆ. “ವಾಪಸು ಬರೋ ತಂತಿ ಎಲ್ಲಿ?” ಎಂದು ಮೇಸ್ತ್ರಿ ಕೇಳಿದರು. ಅದು ಇಲ್ಲ. ಹಳೆಯ ವಾಹನಗಳಲ್ಲಿ ವಿದ್ಯುತ್ತು ದೀಪದಿಂದ ಹಿಂದಿರುಗುವುದು ಗಾಡಿಯ ಕಬ್ಬಿಣದ ಮೈಯ ಮೂಲಕವೇ. ಅಂದರೆ ಮಡ್‌ಗಾರ್ಡು ಬರಿಯ ಕೆಸರುತಡೆಯಲ್ಲ, ಅದೂ ಒಂದು ತಂತಿ.

ಹಳೆಯ ಗಾಡಿಯನ್ನು ಹೊಸದಾಗಿ ಸಿಂಗರಿಸಿದ ಅನೇಕರು, ಎಲ್ಲವನ್ನೂ ಹೊಸದಾಗಿ ಹಾಕಿದರೂ ಹಿಂದಿನ ದೀಪ ಮಂಕಾಗಿದೆಯೆಂದು ಗೋಳಾಡುವುದು ಇದರಿಂದಲೇ. ದಪ್ಪನಾದ ಬಣ್ಣವನ್ನು ಮಡ್‌ಗಾರ್ಡಿನ ಒಳಕ್ಕೂ ಹೊರಕ್ಕೂ ಬಳಿದು, ಬೋಲ್ಟುಗಳ ಕೆಳಗೆ ರಬ್ಬರಿನ ಬಿಲ್ಲೆಗಳನ್ನಿಟ್ಟು ಬಿಗಿದರೆ, ವಿದ್ಯುತ್ತು ಬರುವ ದಾರಿಯನ್ನು ತಾವೇ ಮುಚ್ಚಿದಂತಾಯಿತು. ಜಾವಾದಲ್ಲಿ ಇರುವುದು 6 ವೋಲ್ಟು. ಡೈನಮೋವಿನ ಶಕ್ತಿ ಸುಮಾರು 45 ವ್ಯಾಟು. 21 ವ್ಯಾಟಿನ ಬ್ರೇಕ್ ದೀಪವೊಂದನ್ನು ಹಾಕಿದರೆ ಅದು 3.5 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನ ಗಾಡಿಯಲ್ಲಾದರೆ ಅದರ ಅರ್ಧ ಸಾಕು. ಆದ್ದರಿಂದ ಹಿಂದಿರುಗುವ ದಾರಿಯಲ್ಲಿ ಅರ್ಧ ಓಮಿನಷ್ಟು ಅಡ್ಡಿಯಿದ್ದರೂ ವೋಲ್ಟೇಜಿನ ಕಾಲು ಭಾಗದ ಹತ್ತಿರ ಅಲ್ಲೇ ಕರಗಿಹೋಗುತ್ತದೆ. ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಪರಿಹಾರಕ್ಕೆ ಹೆಚ್ಚಿನ ಹಣ ಬೇಡ. ದೀಪದ ಬುಡದಿಂದ ಬ್ಯಾಟರಿಯವರೆಗೆ ಒಂದು ಪ್ರತ್ಯೇಕ ತಂತಿಯನ್ನು ಎಳೆದರಾಯಿತು.

ಈಗಿನ ಎಲ್‌ಇಡಿ ದೀಪಗಳು ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಗುವುದರಿಂದ ಬಡ ಡೈನಮೋವಿಗೆ ಅವು ವರವೇ ಸರಿ. ಆದರೆ ಅಲ್ಲಿಯೂ ವಿವೇಕ ಬೇಕು. ಕೆಂಪು ಗಾಜಿನ ಹಿಂದೆ ಬಿಳಿಯ ಎಲ್‌ಇಡಿ ಇಟ್ಟರೆ ಪ್ರಯೋಜನ ಅಲ್ಪ; ಅದರ ಬೆಳಕಿನಲ್ಲಿ ಕೆಂಪಿನ ಪಾಲೇ ಕಡಮೆಯಾದ್ದರಿಂದ ಬಹುಭಾಗ ಗಾಜಿನಲ್ಲೇ ತಂಗಿಬಿಡುತ್ತದೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ತಕ್ಕದ್ದು. ಆದರೆ ನಂಬರಿನ ಹಲಗೆಗೆ ಬೀಳುವ ಬೆಳಕು ಬಿಳಿಯದಾಗಿರಬೇಕೆಂದು ಕಾನೂನು ಹೇಳುತ್ತದೆ. ಅದಕ್ಕೆ ಕೆಳಮುಖವಾಗಿ ಬೇರೆಯೇ ಒಂದು ಬಿಳಿಯ ಬಿಂದು ಬೇಕು. ಹಳೆಯ ಬಲ್ಬಿಗೆ ವಿದ್ಯುತ್ತು ಯಾವ ಕಡೆಯಿಂದ ಬಂದರೂ ಒಂದೇ. ಎಲ್‌ಇಡಿಗೆ ದಿಕ್ಕು ತಪ್ಪಿದರೆ ಅದು ಕಣ್ಣನ್ನೇ ತೆರೆಯದು. ಇವೆಲ್ಲದರ ಜೊತೆಗೆ ಒಂದು ಕೆಂಪು ಪ್ರತಿಫಲಕ. ಬಲ್ಬು ಸುಟ್ಟಾಗಲೂ ತಂತಿ ಕಡಿದಾಗಲೂ, ಹಿಂದಿನ ವಾಹನದ ಬೆಳಕನ್ನೇ ಕಡ ಪಡೆದು ಅದು ಮಿನುಗುತ್ತದೆ.

ಸೀರೆಯ ಕಾವಲು

ಇಷ್ಟು ಹೊತ್ತಿಗೆ ತರುಣನ ಕಣ್ಣು ಗಾಡಿಯ ಎಡಪಕ್ಕದಲ್ಲಿದ್ದ ಕಂಬಿಗಳ ಚೌಕಟ್ಟಿನ ಮೇಲೆ ಬಿತ್ತು. “ಇದನ್ನಂತೂ ಬಿಚ್ಚಿ ಎಸೀಬಹುದಲ್ಲ?” ಎಂದ. ಅದು ಸೀರೆಯ ಕಾವಲು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಕ್ಕಾದರೂ ಮರೆಯಿರಬೇಕೆಂದು ನಮ್ಮ ದೇಶದ ನಿಯಮ ವಿಧಿಸುತ್ತದೆ. ಯೂರೋಪಿನವರಿಗೆ ಅದರ ಅಗತ್ಯ ತೋರಲಿಲ್ಲ. ಪಕ್ಕಕ್ಕೆ ತಿರುಗಿ ಕೂರುವ ಸೀರೆಯುಟ್ಟ ಹೆಂಗಸರನ್ನು ಅವರು ಎಣಿಸಿರಲಿಲ್ಲ. ಆದ್ದರಿಂದ ಹಿಂಬದಿಗೆ ನಾವು ಮಾಡಿಕೊಂಡ ಮೊದಲನೆಯ ಮಾರ್ಪಾಡು ಇದೇ ಎನ್ನಬೇಕು.

ಮೇಸ್ತ್ರಿ ಬಗ್ಗಿ, ಆ ಕಂಬಿಗಳ ಕೆಳಗಿನ ಒಂದು ಜಾಗವನ್ನು ಚಿಂದಿಯಿಂದ ಒರಸಿದರು. ಅಲ್ಲಿ ಬಣ್ಣ ಸವೆದು ಲೋಹ ನಯವಾಗಿ ಹೊಳೆಯುತ್ತಿತ್ತು. “ಯಾರು ಕೂತ್ಕೋತಿದ್ರು?” ಎಂದರು. ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ತಂದೆ ನಂಜನಗೂಡಿನಿಂದ ದಿನವೂ ಮೈಸೂರಿಗೆ ಕೆಲಸಕ್ಕೆ ಬರುತ್ತಿದ್ದರಂತೆ. ತಾಯಿ ಮೈಸೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಇಪ್ಪತ್ತೆರಡು ವರ್ಷ ಇಬ್ಬರೂ ಅದೇ ಗಾಡಿಯಲ್ಲಿ ಹೋಗಿಬಂದರು. ಆ ಸವೆತ ಆಕೆಯ ಹಿಮ್ಮಡಿಯದು. ತಂದೆ ಈಗಿಲ್ಲ. ತಾಯಿ ಇದ್ದಾರೆ; ಗಾಡಿ ಮತ್ತೆ ಓಡಿದ ದಿನ ಒಂದು ಸುತ್ತು ಹೋಗಬೇಕೆಂದು ಹೇಳಿದ್ದಾರಂತೆ.

ಮೇಸ್ತ್ರಿ ಉಪದೇಶವನ್ನೇನೂ ಮಾಡಲಿಲ್ಲ. ಗೋಡೆಯ ಮೊಳೆಯಿಂದ ಹಳೆಯದೊಂದು ಮಡ್‌ಗಾರ್ಡನ್ನು ಇಳಿಸಿದರು. ಅದರ ತುದಿ ತುಕ್ಕು ಹಿಡಿದು ಜರಡಿಯಾಗಿತ್ತು. ಮೇಲಿನ ಭಾಗ ಗಟ್ಟಿಯಾಗಿತ್ತು. “ಕೊಯ್ಯೋದಾದ್ರೆ ಇದನ್ನ ಕೊಯ್ಯೋಣ. ಇದು ಹೇಗೂ ಹಾಳಾಗೈತೆ. ನಿಮ್ಮಪ್ಪಂದು ಬಿಚ್ಚಿ ಬಟ್ಟೇಲಿ ಸುತ್ತಿ ಅಟ್ಟದ ಮೇಲೆ ಇಡು. ಬೇಜಾರಾದ ದಿನ ನಾಲ್ಕು ಬೋಲ್ಟು, ಮತ್ತೆ ಹಾಕ್ಕೋಬಹುದು,” ಎಂದರು.

ಆ ಮಾತಿನಲ್ಲಿ ಕಾನೂನಿನ ತಿಳಿವೂ ಅಡಗಿತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ವಿಶೇಷ ನಿಯಮಗಳನ್ನು ಹೊರಡಿಸಿತು. ಮೂಲರೂಪದಲ್ಲಿ ಕಾಪಾಡಿಕೊಂಡು ಬಂದಿರುವ, ಚೌಕಟ್ಟು, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅವಧಿ ಹತ್ತು ವರ್ಷ. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಒಮ್ಮೆ ಗರಗಸ ಹಾಕಿದ ಮೇಲೆ ಮೂಲರೂಪ ಎಂಬ ಮಾತನ್ನು ಯಾವ ಬಾಯಿಂದ ಹೇಳುವುದು? ಅಟ್ಟದ ಮೇಲಿನ ಗಂಟು ಆಗ ಸಾಕ್ಷಿಗೆ ಬಂದೀತು.

ಮೂವತ್ತು ಹೆಜ್ಜೆ

ಕೆಲಸ ಮುಗಿದಾಗ ನಾನು ಮೈಸೂರಿನಲ್ಲೇ ಇದ್ದೆ. ಹೊಸ ಮಡ್‌ಗಾರ್ಡು ತರುಣ ಬಯಸಿದಷ್ಟು ಮೊಂಡಾಗಿರಲಿಲ್ಲ, ಹಳೆಯದರಷ್ಟು ಉದ್ದವೂ ಇರಲಿಲ್ಲ. ಹಿಂದಿನ ಚಕ್ರದ ನಡುವಿಗಿಂತ ತುಸು ಕೆಳಗಿನವರೆಗೆ ಇಳಿದು, ಸುತ್ತಿದ ಅಂಚಿನೊಂದಿಗೆ ಬಿಗಿಯಾಗಿ ಕೂತಿತ್ತು. ದೀಪ ಹಳೆಯದೇ; ಒಳಗಿನ ಎಲ್‌ಇಡಿಯೂ ಹಿಂದಿರುಗುವ ತಂತಿಯೂ ಹೊಸವು. ಸೀರೆಯ ಕಾವಲನ್ನು ಬಿಚ್ಚಲಿಲ್ಲ, ಅದಕ್ಕೆ ಬಣ್ಣವನ್ನೂ ಬಳಿಯಲಿಲ್ಲ. ಚಿನ್ನದ ಗೆರೆಯನ್ನು ಮೇಸ್ತ್ರಿಗಳೇ ಉದ್ದ ಕೂದಲಿನ ಕುಂಚದಿಂದ ಒಂದೇ ಉಸಿರಿನಲ್ಲಿ ಎಳೆದಿದ್ದರು.

ಆದರೆ ಅವರು ಗಾಡಿಯನ್ನು ಕೂಡಲೇ ಒಪ್ಪಿಸಲಿಲ್ಲ. ಸಂಜೆ ಮಸುಕಾಗುವವರೆಗೆ ಕಾದು, ತಮ್ಮ ಕೈಕೆಳಗಿನ ಹುಡುಗನನ್ನು ಅದರ ಮೇಲೆ ಕೂರಿಸಿ ಓಣಿಯ ತುದಿಗೆ ಕಳುಹಿಸಿದರು. ತರುಣನನ್ನು ಮೂವತ್ತು ಹೆಜ್ಜೆ ಹಿಂದೆ ನಿಲ್ಲಿಸಿ, “ಈಗ ನೋಡು,” ಎಂದರು. ಹುಡುಗ ಬ್ರೇಕನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಹನಿಮಳೆಯ ಮಬ್ಬಿನಲ್ಲಿ ಕೆಂಪು ದೀಪ ಸ್ಪಷ್ಟವಾಗಿ ಉಜ್ವಲವಾಗುತ್ತ, ಶಾಂತವಾಗುತ್ತ ಬಂದಿತು. ತಾನು ಚಿಕ್ಕಂದಿನಿಂದ ಬಲ್ಲ ಗಾಡಿಯ ಹಿಂದೀಪವನ್ನು ಓಡುವಾಗ ಹೀಗೆ ನಿಂತು ನೋಡಿದ್ದು ಅದೇ ಮೊದಲೆಂದು ತರುಣ ಹೇಳಿದ. ಅದು ಸಹಜವೇ. ಮುಂದಿನ ದೀಪ ಸವಾರನಿಗೆ ದಾರಿ ತೋರುತ್ತದೆ. ಹಿಂದಿನ ದೀಪ ಅವನಿಗೆ ಎಂದಿಗೂ ಕಾಣದು. ಅದನ್ನು ಅವನು ಹೊತ್ತಿಸಿಟ್ಟುಕೊಳ್ಳುವುದು ಮುಖ ನೋಡದ ಯಾರೋ ಒಬ್ಬರಿಗಾಗಿ.

ಮಂಡ್ಯದ ಕಡೆಯ ರಸ್ತೆಗಳಲ್ಲಿ ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಈ ಮಾತಿನ ತೂಕ ಗೊತ್ತು. ಹಿಂದೆ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ತೂಗುವ ಲಾಂದ್ರವೊಂದು ಓಲಾಡುತ್ತಿತ್ತು. ಈಗ ಕಬ್ಬಿನ ಹೊರೆಯನ್ನು ಹೊತ್ತು ದೀಪವಿಲ್ಲದೆ ಸಾಗುವ ಟ್ರಾಕ್ಟರಿನ ತೊಟ್ಟಿ, ಹತ್ತಿರ ಹೋಗುವವರೆಗೂ ಕತ್ತಲೆಯಿಂದ ಬೇರೆಯಾಗಿ ಕಾಣುವುದಿಲ್ಲ. ಅಂಗೈಯಗಲದ ಕೆಂಪು ಪ್ರತಿಫಲಕವೊಂದು ಅಲ್ಲಿ ಒಂದು ಸಂಸಾರವನ್ನು ಉಳಿಸಬಲ್ಲುದು.

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನ. ಮೈಸೂರು, ಬೆಂಗಳೂರು ಮೊದಲಾದ ಊರುಗಳಲ್ಲಿ ಈ ಹಳೆಯ ಗಾಡಿಗಳ ಒಡೆಯರು ಅಂದು ಸಾಲುಗಟ್ಟಿ ಹೊರಡುತ್ತಾರೆ. ವಾಚಕರು ಆ ದಿನ ಮೈಸೂರಿನಲ್ಲಿದ್ದರೆ ರಸ್ತೆಯ ಅಂಚಿನಲ್ಲಿ ನಿಂತು ನೋಡತಕ್ಕದ್ದು. ಎದುರಿನಿಂದ ಬರುವಾಗ ಎಲ್ಲರೂ ನೋಡುತ್ತಾರೆ. ಕ್ರೋಮಿನ ಹೊಳಪಿಗೆ ಕೈ ಬೀಸುತ್ತಾರೆ. ಸಾಲು ಮುಂದೆ ಸಾಗಿದ ಮೇಲೂ ಒಂದು ಗಳಿಗೆ ಅಲ್ಲೇ ನಿಲ್ಲಿ. ಆಷಾಢದ ತುಂತುರಿನಲ್ಲಿ ದೂರವಾಗುತ್ತಿರುವ ಕೆಂಪು ದೀಪಗಳಲ್ಲಿ ಯಾವುದು ಬೆಳಗುತ್ತಿದೆ, ಯಾವುದು ಮಂಕಾಗಿದೆ ಎಂದು ಎಣಿಸಿರಿ. ಯಾರು ತಮ್ಮ ಗಾಡಿಯನ್ನು ನಿಜವಾಗಿ ನೋಡಿಕೊಂಡಿದ್ದಾರೆಂಬುದು ಅಲ್ಲಿ ತಿಳಿಯುತ್ತದೆ.